ಬಲಗಡೆಯ ಸ್ಪೀಕರ್

ಫೆಬ್ರವರಿ 11

ತಂತಿಗೆ,

ಐದು ವರ್ಷ ಮುಖ ಊದಿಸಿಕೊಂಡು ಕೂತಿದ್ದವನು ಇದ್ದಕ್ಕಿದ್ದಂತೆ ಇಷ್ಟು ದೊಡ್ಡ ಪೆಟ್ಟಿಗೆ ಕಳಿಸಿದರೆ ಏನೆಂದು ತಿಳಿಯಬೇಕು? ನಿನ್ನಕ್ಕ ಅದನ್ನು ನೋಡಿ, "ಬಾಂಬ್ ಇಟ್ಟಿರ್ತಾನೆ, ದೂರ ನಿಂತು ಬಿಚ್ಚಿ" ಎಂದಳು. ಬಿಚ್ಚಿದೆ. ನಮ್ಮ ಹಳೆಯ ಸೌಂಡ್ ಪ್ರೊಸೆಸರ್ ಸುಟ್ಟುಹೋಯಿತೆಂದು ಅವಳೇ ನಿನಗೆ ಫೋನಿನಲ್ಲಿ ಊದಿದ್ದಂತೆ. ಅಕ್ಕ ತಮ್ಮ ಸೇರಿ ಮಾಡಿದ ಪಿತೂರಿ ಇದು. ಇರಲಿ, ಸಂತೋಷವಾಯಿತು. ಇದನ್ನು ಒಂದೇ ಸಲ ಹೇಳುತ್ತೇನೆ, ಮತ್ತೆ ಮತ್ತೆ ಕೇಳಬೇಡ.

ನಡುಕೋಣೆಯಲ್ಲಿ ಕೂರಿಸಿದ್ದೇನೆ. ಮುಂದೆ ಮೂರು ಸ್ಪೀಕರ್, ಹಿಂದೆ ಎರಡು, ಟಿವಿ ಮೇಜಿನ ಕೆಳಗೆ ಗುಡುಗುವ ಡಬ್ಬ. ನಾವಿಬ್ಬರೂ ದುಡಿದ ಟಾಕೀಸ್ ಕೆಡವಿದಾಗ ನಾನು ಹೊತ್ತು ತಂದ ಎರಡು ಕೆಂಪು ಸೀಟುಗಳು ಈಗಲೂ ಹಲಗೆಗೆ ಬೋಲ್ಟ್ ಹಾಕಿಕೊಂಡು ಅಲ್ಲೇ ಇವೆ. ಹನ್ನೆರಡನೇ ನಂಬರು ನನ್ನದು, ನನ್ನ ಬಲಕ್ಕೆ ಹದಿಮೂರು ನಿನ್ನಕ್ಕನದು. ಈ ಯಂತ್ರ ಏನು ಮಾಡುತ್ತದೆ ಎಂದು ಅವಳು ಕೇಳಿದಳು. ಸಿನಿಮಾದ ಸದ್ದನ್ನು ಬಿಡಿಸಿ ಯಾವ ಸ್ಪೀಕರಿಗೆ ಎಷ್ಟು ಎಂದು ಬಡಿಸುವವನು ಇವನೇ ಎಂದೆ. "ಹಾಗಾದ್ರೆ ಮನೇಲಿ ಇನ್ನೊಬ್ಬ ಯಜಮಾನ ಬಂದ" ಎಂದಳು.

ಅದರ ಜೊತೆ ಬಂದ ಮೈಕನ್ನು ನನ್ನ ಸೀಟಿನ ಮೇಲೆ, ಸರಿಯಾಗಿ ತಲೆಯ ಎತ್ತರಕ್ಕೆ ನಿಲ್ಲಿಸಿದೆ. ಸದ್ದು ಮಾಡದೆ ಕೋಣೆಯಿಂದ ಹೊರಗೆ ಹೋಗಿ ಎಂದು ಪರದೆಯ ಮೇಲೆ ಬಂತು. ನನ್ನ ಮನೆಯಲ್ಲಿ ನನ್ನನ್ನೇ ಆಚೆ ಕಳಿಸುವ ಯಂತ್ರ! ಒಂದೊಂದೇ ಸ್ಪೀಕರ್ ಶ್ಶ್ ಎಂದು ಸದ್ದು ಮಾಡಿತು, ಮೈಕು ಅಳೆಯಿತು. ದೂರ ಒಂದು ಬೆರಳೂ ತಪ್ಪಿಲ್ಲ, ನಾನೇ ಟೇಪು ಹಿಡಿದು ನೋಡಿದೆ. ಎಡ ಮುಂದಿನದು ಸೊನ್ನೆ, ಬಲ ಮುಂದಿನದು ಅರ್ಧ ಡೆಸಿಬಲ್ ಕಡಿಮೆ, ಹಿಂದಿನವೆರಡೂ ಒಂದೂವರೆ ಹೆಚ್ಚು, ಎಡಬಲ ಹೆಚ್ಚುಕಡಿಮೆ ಸಮ.

ಆದರೆ ಸೀಟಿನಲ್ಲಿ ಕೂತು ಕೇಳಿದರೆ ಬಲಗಡೆಯವು ಎರಡೂ ಕಂಬಳಿ ಹೊದ್ದು ಮಲಗಿವೆ. ಹೆಲಿಕಾಪ್ಟರ್ ಎಡದಿಂದ ಬಲಕ್ಕೆ ಹೋಗಬೇಕಾದಲ್ಲಿ ಎಡದಲ್ಲೇ ನಿಂತು ಸುತ್ತುತ್ತದೆ. ಬಲದ ಎರಡನ್ನೂ ಏಳು ಡೆಸಿಬಲ್ ಏರಿಸಿದ್ದೇನೆ. ಮೈಕು ಏನು ಹೇಳಿತೆಂದು ನನಗೆ ಹೇಳಲು ಬರಬೇಡ. ಈ ವಿಷಯಕ್ಕೇ ಅಲ್ಲವೇ ಅಂದು ನೀನು ಪ್ರೊಜೆಕ್ಟರ್ ಕೋಣೆಯ ಕೀಲಿಕೈಯನ್ನು ಮೇಜಿನ ಮೇಲೆ ಎಸೆದು ಹೋದದ್ದು? ಮೈಕು ಅಳೆಯುತ್ತದೆ, ಕೇಳುವುದು ಕಿವಿ.

ನಿನ್ನೆ ನೀನು ಫೋನ್ ಮಾಡಿದಾಗ ನಾನು ಸ್ಕ್ರೂ ಬಿಗಿಯುತ್ತಿದ್ದೆ, ಬರಲಾಗಲಿಲ್ಲ. ಹೇಗೂ ಇಂಥ ಅಂಕಿಗಳು ಫೋನಿನಲ್ಲಿ ಹೇಳಿದರೆ ಗಾಳಿಗೆ ಹೋಗುತ್ತವೆ. ಕಾಗದದಲ್ಲಿದ್ದರೆ ನಿನ್ನೆದುರಿಗಿರುತ್ತವೆ.

ನಿನ್ನ ಭಾವ


ಫೆಬ್ರವರಿ 17

ಭಾವನವರಿಗೆ ನಮಸ್ಕಾರ.

ಸಾಮಾನಿನ ಚೀಟಿಯನ್ನೂ ಬೇರೆಯವರ ಕೈಲಿ ಬರೆಸುವ ನೀವು ಎರಡು ಪುಟ ಕಾಗದ ಬರೆದಿದ್ದೀರಿ! ಅಂಗಡಿಯಲ್ಲಿ ಎಲ್ಲರಿಗೂ ತೋರಿಸಿದೆ. ಟಾಕೀಸಿನವರು ವೈರು ಎಳೆಯುವ ನನ್ನನ್ನು ತಂತಿ ಎಂದ ಹಾಗೇ ನಿಮ್ಮನ್ನು ಕಿವಿಯಣ್ಣ ಎನ್ನುತ್ತಿದ್ದರು, ಬಾಲ್ಕನಿಯಲ್ಲಿ ಯಾರಾದರೂ ಚಾಕಲೇಟಿನ ಕಾಗದ ಬಿಚ್ಚಿದರೂ ಪ್ರೊಜೆಕ್ಟರ್ ಕೋಣೆಯಿಂದ ಸೀಟಿನ ನಂಬರು ಹೇಳುತ್ತಿದ್ದರು ಎಂದರೆ ಇಲ್ಲಿ ಯಾರೂ ನಂಬುವುದಿಲ್ಲ.

ಈಗ ಕೆಲಸದ ಮಾತು. ನೀವು ಕೊಟ್ಟ ಅಂಕಿಗಳು ಚೆನ್ನಾಗಿವೆ. ನಾನು ದಿನಕ್ಕೊಂದು ಮನೆಯಲ್ಲಿ ಇದೇ ಯಂತ್ರ ಕೂರಿಸುತ್ತೇನೆ, ಇಷ್ಟು ಸಮನಾಗಿ ಬಂದದ್ದು ಅಪರೂಪ. ಏಳು ಡೆಸಿಬಲ್ ಎಂದರೆ ತುಂಬಾ ಆಯಿತು, ಭಾವ. ಏಳು ಏರಿಸಬೇಕಾದ ಸ್ಪೀಕರ್ ಆಗಲೇ ಸತ್ತಿರಬೇಕು, ಸತ್ತಿದ್ದರೆ ಮೈಕಿಗೆ ಗೊತ್ತಾಗುತ್ತಿತ್ತು.

ನೀವೇ ಕಲಿಸಿದ ಅದಲುಬದಲು ಮಾಡಿ. ಮೊದಲು ಪ್ರೊಸೆಸರಿನ ಹಿಂದೆ ಎಡಬಲದ ತಂತಿ ಬದಲಿಸಿ. ಮಂಕುತನ ಎಡಕ್ಕೆ ಹೋದರೆ ತಪ್ಪು ಪ್ರೊಸೆಸರಿನದು, ಹೊಸದು ಕಳಿಸುತ್ತೇನೆ. ಹೋಗದಿದ್ದರೆ ಸ್ಪೀಕರುಗಳನ್ನೇ ಎತ್ತಿ ಎಡದ್ದನ್ನು ಬಲಕ್ಕಿಡಿ. ಆಗ ಮಂಕುತನ ಅದರ ಹಿಂದೆ ಹೋದರೆ ಸ್ಪೀಕರಿನದು. ಎರಡರಲ್ಲಿ ಒಂದು ಆಗಲೇಬೇಕು, ಮೂರನೆಯದು ಇಲ್ಲ ಎಂದು ನನ್ನ ತಲೆಗೆ ಮೊಟಕಿ ಹೇಳಿಕೊಟ್ಟವರು ನೀವು.

ಇನ್ನೊಂದು. ಅಕ್ಕ ನಿನ್ನೆ ಫೋನಿನಲ್ಲಿ, "ನಿಮ್ಮ ಭಾವ ಈಚೆಗೆ ಮಾತೇ ಬಿಟ್ಟಿದ್ದಾರೆ ಕಣೋ, ನಾನು ಒಂದು ಹೇಳಿದ್ರೆ ಸುಮ್ನೆ ಪರದೆ ನೋಡ್ತಾ ಕೂತಿರ್ತಾರೆ" ಎಂದಳು. ಯಂತ್ರ ಕಳಿಸಿ ನಾನು ಕೆಟ್ಟವನಾದೆ. ದಯವಿಟ್ಟು ಅವಳ ಕಡೆಯೂ ಸ್ವಲ್ಪ ತಿರುಗಿ.

ನಿಮ್ಮ ತಂತಿ


ಫೆಬ್ರವರಿ 26

ತಂತಿ,

ಎರಡೂ ಮಾಡಿದೆ. ತಂತಿ ಬದಲಿಸಿದೆ, ಮಂಕು ಬಲದಲ್ಲೇ ಇದೆ. ಸ್ಪೀಕರ್ ಎತ್ತಿಟ್ಟೆ, ಮಂಕು ಬಲದಲ್ಲೇ ಇದೆ. ಮೂರನೆಯದು ಇಲ್ಲ ಎಂದವನು ನಾನೇ, ಆದರೆ ಇದೆ. ಮೂವತ್ತೊಂದು ವರ್ಷದಲ್ಲಿ ಇಂಥದ್ದು ನೋಡಿಲ್ಲ.

ತಪ್ಪು ಕೋಣೆಯದೇ ಎಂದುಕೊಂಡು ಬಲಗೋಡೆಯ ಪರದೆ ತೆಗೆದೆ. ಬೀರು ಸರಿಸಿದೆ, ಅದರ ಹಿಂದೆ ನಿನ್ನಕ್ಕನ ಕಳೆದುಹೋದ ಕತ್ತರಿ ಸಿಕ್ಕಿತು, ಬೇರೆ ಪ್ರಯೋಜನವಾಗಲಿಲ್ಲ. ಮತ್ತೆ ಮೈಕು ನಿಲ್ಲಿಸಿ ಅಳೆಸಿದೆ. ಅದೇ ಅಂಕಿ. ಈ ಮೈಕಿನ ಹಟ ನೋಡು. ಬಲಗಡೆಯನ್ನು ಈಗ ಒಂಬತ್ತಕ್ಕೆ ಏರಿಸಿದ್ದೇನೆ. ನಿನ್ನಕ್ಕ ಹದಿನೈದು ನಿಮಿಷ ಕೂತು ಎದ್ದುಹೋದಳು. ತಲೆ ಸಿಡಿಯುತ್ತಂತೆ, "ನನ್ನ ಕಿವಿ ಪಕ್ಕ ಕಿರುಚ್ತಿದೆ ಅದು" ಅಂತೆ. ಸದ್ದಿನ ವಿಷಯ ನಿನಗೇನು ಗೊತ್ತು ಎಂದು ಗದರಿಬಿಟ್ಟೆ. ಆಮೇಲೆ ಸಿನಿಮಾ ಹಾಕಿದರೆ ಅವಳು ಆ ಸೀಟಿನಲ್ಲಿ ಕೂರುತ್ತಿಲ್ಲ. ಅವಳದೂ ಅತಿಯಾಯಿತು.

ಮೊನ್ನೆ ಬೆಳಿಗ್ಗೆ ಸ್ಕೂಟರಿನಲ್ಲಿ ಅಂಚೆ ಕಚೇರಿಯ ತಿರುವಿನಲ್ಲಿ ಬಲಕ್ಕೆ ಹೊರಳಿದೆ. ಒಂದು ಲಾರಿ ನನ್ನ ಕನ್ನಡಿ ಸವರಿಕೊಂಡು ಹೋಗಿ ನಿಂತಿತು. ಹಾರ್ನ್ ಇಲ್ಲ, ಏನಿಲ್ಲ. ಡ್ರೈವರ್ ಇಳಿದು ಬಂದು ಬಾಯಿಗೆ ಬಂದಂತೆ ಬೈದ. ಊರಿಡೀ ಕೇಳುವ ಹಾಗೆ ಹಾರ್ನ್ ಹೊಡೆದೆ ಎಂದು ಆಣೆಯಿಟ್ಟ. ಸುಳ್ಳುಗಾರ. ಪಕ್ಕದ ಹೂವಿನ ಅಂಗಡಿಯ ಹೆಂಗಸೂ ಅವನ ಪರ ತಲೆಯಾಡಿಸಿದಳು. ಸ್ಕೂಟರ್ ತಳ್ಳಿಕೊಂಡೇ ಮನೆಗೆ ಬಂದೆ.

ನಿನ್ನಕ್ಕನಿಗೆ ಇದನ್ನು ಹೇಳಬೇಡ, ಸ್ಕೂಟರಿನ ಕೀಲಿ ಬಚ್ಚಿಡುತ್ತಾಳೆ.

ನಿನ್ನ ಭಾವ


ಮಾರ್ಚ್ 4

ಭಾವ,

ನಿಮ್ಮ ಕಾಗದವನ್ನು ಗಿರಾಕಿಯೊಬ್ಬರ ಮನೆಯಲ್ಲಿ, ಏಣಿಯ ಮೇಲೆ ಕೂತು ಓದಿದೆ. ಲಾರಿಯ ಸಾಲು ಬಂದಾಗ ಇಳಿದು ನೆಲದ ಮೇಲೆ ಕೂತೆ.

ಬೈಯಬೇಡಿ, ಒಂದೇ ಒಂದು ಕೆಲಸ ಮಾಡಿ. ತಂತಿಗಳನ್ನೆಲ್ಲ ಮೊದಲಿನ ಹಾಗೆ ಹಾಕಿ, ಬಲಗಡೆ ಏರಿಸಿದ್ದನ್ನು ತೆಗೆದುಬಿಡಿ. ಅಡುಗೆಮನೆಯ ಸ್ಟೂಲನ್ನು ನಿಮ್ಮ ಸೀಟಿನ ಹಿಂದೆ ಹಾಕಿ, ಟಿವಿಗೆ ಬೆನ್ನು ಮಾಡಿ, ಹಿಂದಿನ ಗೋಡೆ ನೋಡುತ್ತಾ ಕೂತು ಶ್ಶ್ ಸದ್ದು ಹಾಕಿ. ಯಾವ ಸ್ಪೀಕರುಗಳು ಮಂಕಾದವು ಎಂಬುದನ್ನಷ್ಟೇ ಬರೆಯಿರಿ. ಬೇರೆ ಏನೂ ಬೇಡ.

ಫೋನನ್ನು ನೀವು ಯಾವ ಕಿವಿಗೆ ಹಿಡಿಯುತ್ತೀರಿ?

ತಂತಿ


ಮಾರ್ಚ್ 15

ಭಾವ,

ಹನ್ನೊಂದು ದಿನವಾಯಿತು, ಉತ್ತರವಿಲ್ಲ. ನಾಲ್ಕು ಸಲ ಫೋನ್ ಮಾಡಿದೆ. ಎರಡು ಸಲ ಯಾರೂ ಎತ್ತಲಿಲ್ಲ. ಒಂದು ಸಲ ಎತ್ತಿದವರು ನೀವೇ, ನನಗೆ ಗೊತ್ತು. "ಭಾವ, ನಾನು" ಎಂದೆ, ಮೂರು ಸಲ ಎಂದೆ. ನೀವು ಹಲೋ ಹಲೋ ಎಂದು ಇಟ್ಟುಬಿಟ್ಟಿರಿ. ನಾಲ್ಕನೇ ಸಲ ಅಕ್ಕ ಸಿಕ್ಕಿದಳು.

ಅಕ್ಕ ಅತ್ತಳು. ಇಷ್ಟು ವರ್ಷದಲ್ಲಿ ಅವಳು ಫೋನಿನಲ್ಲಿ ಅತ್ತದ್ದಿಲ್ಲ. "ಪಕ್ಕದಲ್ಲೇ ಕೂತು ಮಾತಾಡಿಸ್ತೀನಿ, ಕಲ್ಲಿನ ಹಾಗೆ ಇರ್ತಾರೆ. ನಾನು ಬೇಡವಾಗಿದ್ದೀನಿ ಅವರಿಗೆ. ಹೇಳಿಬಿಟ್ರೆ ಆಗ್ತಿತ್ತು" ಎಂದಳು. ಇಪ್ಪತ್ತೊಂಬತ್ತನೇ ತಾರೀಕು ಭಾನುವಾರ ನನ್ನ ಮನೆಗೆ ಬರುತ್ತಾಳಂತೆ. ಎಷ್ಟು ದಿನಕ್ಕೆ ಎಂದು ಕೇಳಿದರೆ ಗೊತ್ತಿಲ್ಲ ಎಂದಳು. ಬಾಯಿ ತುದಿಗೆ ಬಂದದ್ದನ್ನು ನುಂಗಿಕೊಂಡೆ.

ನನ್ನ ಗಿರಾಕಿಗಳಲ್ಲಿ ಒಬ್ಬರು ಕಿವಿಯ ಡಾಕ್ಟರು. ನಿನ್ನೆ ಅವರ ಮನೆಯಲ್ಲಿ ಕೆಲಸವಿತ್ತು. ಯಾರೋ ಪರಿಚಯದವರು ಎಂದು ಹೇಳಿ ಕೇಳಿದೆ. ಅವರು ಕೈಯಲ್ಲಿದ್ದ ಟೀ ಕೆಳಗಿಟ್ಟು, "ಒಂದೇ ಕಿವಿನಾ? ಇದ್ದಕ್ಕಿದ್ದ ಹಾಗಾ? ಎಷ್ಟು ದಿನ ಆಯ್ತು?" ಎಂದರು. ಆ ಟೀ ಕೆಳಗಿಟ್ಟದ್ದೇ ನನ್ನ ಕಣ್ಣಿಂದ ಹೋಗುತ್ತಿಲ್ಲ. ಮೊದಲ ಎರಡು ವಾರದಲ್ಲಿ ಔಷಧಿ ಬಿದ್ದರೆ ಮರಳುವ ಆಸೆ ಹೆಚ್ಚು, ಆಮೇಲೆ ದಿನದಿಂದ ದಿನಕ್ಕೆ ಕಡಿಮೆ ಎಂದರು. ಅದಿರಲಿ, ಒಳಗೆ ನರದ ಮೇಲೆ ಗಡ್ಡೆ ಏನಾದರೂ ಕೂತಿದೆಯೇ ಎಂದು ಸ್ಕ್ಯಾನ್ ಮಾಡಲೇಬೇಕು, ಬಿಡುವ ಹಾಗಿಲ್ಲ ಎಂದರು.

ಬರೆದುಬಿಟ್ಟೆ. ಭಾವ, ತಪ್ಪು ಯಂತ್ರದ್ದಲ್ಲ, ಕೋಣೆಯದಲ್ಲ. ಸ್ಟೂಲಿನ ಪರೀಕ್ಷೆ ನೀವು ಮಾಡಿದ್ದೀರಿ ಎಂದು ನನಗೆ ಗೊತ್ತು. ಅದಕ್ಕೇ ಉತ್ತರ ಬಂದಿಲ್ಲ.

ತಂತಿ


ಮಾರ್ಚ್ 20

ತಂತಿ,

ಮಾಡಿದ್ದೆ. ಸ್ಟೂಲಿನ ವಿಷಯ ಬರೆದ ನಿನ್ನ ಕಾಗದ ಬರುವ ಎರಡು ದಿನ ಮೊದಲೇ ಮಾಡಿದ್ದೆ. ನನಗೆ ಪಾಠ ಹೇಳಿಕೊಡುವಷ್ಟು ದೊಡ್ಡವನಾಗಿಲ್ಲ ನೀನು.

ನಿನ್ನಕ್ಕ ಹೊರಗೆ ಹೋಗಿದ್ದಳು. ಸ್ಟೂಲ್ ಹಾಕಿ ಗೋಡೆಗೆ ಮುಖ ಮಾಡಿ ಕೂತೆ. ಎಡಗಡೆಯ ಸ್ಪೀಕರುಗಳು ಅಷ್ಟು ದಿನ ಚೆನ್ನಾಗಿ ಹಾಡುತ್ತಿದ್ದವು. ಅವೇ ಮಂಕಾದವು. ಬಲಗಡೆಯವು ಎದ್ದು ಕೂತವು. ತಿರುಗಿ ಟಿವಿಯ ಕಡೆ ಕೂತೆ, ಮತ್ತೆ ಬಲ ಸತ್ತಿತು. ಆರು ಸಲ ತಿರುಗಿದೆ. ಏಳನೇ ಸಲ ತಿರುಗಲು ಮನಸ್ಸಾಗಲಿಲ್ಲ. ಶ್ಶ್ ಸದ್ದು ಸುತ್ತು ಹಾಕುತ್ತಲೇ ಇತ್ತು, ನಿಲ್ಲಿಸಲು ಕೈ ಏಳಲಿಲ್ಲ. ನಿನ್ನಕ್ಕ ಬಾಗಿಲು ತೆರೆದು ಬಂದು ಎದುರು ನಿಂತಾಗಲೇ ಗೊತ್ತಾದದ್ದು. ಏನೋ ಕೇಳಿದಳು, ತಲೆನೋವು ಎಂದೆ.

ಜನವರಿ ಇಪ್ಪತ್ತೇಳು, ಬೆಳಿಗ್ಗೆ. ಶೀತವಾಗಿತ್ತು. ಎದ್ದರೆ ಬಲಗಿವಿಗೆ ಹತ್ತಿ ತುರುಕಿದ ಹಾಗೆ. ಟಾಕೀಸಿನಲ್ಲಿ ಜನ ಹೋದಮೇಲೆ ಆಂಪ್ಲಿಫೈಯರ್ ಒಂದೇ ಸಮನೆ ಗುಂಯ್ ಎನ್ನುತ್ತಿತ್ತಲ್ಲ, ಆ ಸದ್ದು ಒಳಗೆ. ಶೀತ ಹೋದರೆ ಹೋಗುತ್ತದೆ ಎಂದುಕೊಂಡೆ. ಶೀತ ಹೋಯಿತು. ನಿನ್ನ ಕಾಗದ ಓದಿ ಕ್ಯಾಲೆಂಡರಿನಲ್ಲಿ ಎಣಿಸಿದೆ. ನಿನ್ನ ಪೆಟ್ಟಿಗೆ ಬಂದದ್ದು ಹದಿನೈದನೇ ದಿನ. ಸದ್ದನ್ನು ಸರಿಮಾಡುತ್ತಾ ಕೂತಿದ್ದೆ.

ಫೋನನ್ನು ಬಲಗಿವಿಗೇ ಹಿಡಿಯುತ್ತಿದ್ದೆ, ಮೊದಲಿನಿಂದಲೂ. ಎಡಗೈಯಲ್ಲಿ ನಾಬ್ ತಿರುಗಿಸಬೇಕಲ್ಲ. ಅಂದು ನೀನು ಮಾತಾಡಿದ್ದು ನನಗೆ ಏನೂ ಕೇಳಲಿಲ್ಲ. ಲೈನ್ ಸತ್ತಿದೆ ಎಂದುಕೊಂಡೆ ಎಂದು ಬರೆದರೆ ನೀನು ನಂಬಬಹುದು. ಆದರೆ ಹಾಗೆ ಅಂದುಕೊಂಡಿರಲಿಲ್ಲ. ಎಡಗಿವಿಗೆ ಇಟ್ಟುಕೊಂಡು ಕೇಳಿದರೆ ಎಲ್ಲ ಕೇಳುತ್ತಿತ್ತು. ಕೇಳಿದರೆ ನಿಜವಾಗಿಬಿಡುತ್ತಿತ್ತು. ಕಾಗದ ಬರೆಯಲು ಶುರುಮಾಡಿದ್ದು ಅದಕ್ಕೇ, ಅಂಕಿಗಳಿಗೋಸ್ಕರ ಅಲ್ಲ.

ಹೆದರಿಕೆಯಾಗುತ್ತದೆ, ತಂತಿ. ಗಡ್ಡೆ ಎಂಬ ಮಾತು ಓದಿದ ಮೇಲೆ ತಲೆಯನ್ನು ಕೈಯಲ್ಲಿ ಹಿಡಿದುಕೊಂಡು ಓಡಾಡುವ ಹಾಗಾಗಿದೆ. ಅದಕ್ಕಿಂತಲೂ ಇನ್ನೊಂದು ಇದೆ. ನಮ್ಮಪ್ಪ ಕೊನೆಕೊನೆಗೆ ಪೂರ್ತಿ ಕಿವುಡಾಗಿದ್ದರು. ಮೂಲೆಯಲ್ಲಿ ಕೂರಿಸಿ ಊಟಕ್ಕೆ ಕೈಸನ್ನೆಯಲ್ಲಿ ಕರೆಯುತ್ತಿದ್ದೆವು. ಅವರ ಬೆನ್ನ ಹಿಂದೆ ನಿಂತು ಅವರನ್ನು ಆಡಿಕೊಂಡು ನಗುತ್ತಿದ್ದೆ. ಅವರು ತಿರುಗಿ ನೋಡಿ, ಏನೂ ತಿಳಿಯದೆ ತಾವೂ ನಗುತ್ತಿದ್ದರು. ಈಗ ಬೀದಿಯಲ್ಲಿ ಯಾರಾದರೂ ನಕ್ಕದ್ದು ಕಂಡರೆ ಬೆನ್ನನ್ನು ಗೋಡೆಗೆ ಮಾಡಿ ನಿಲ್ಲುತ್ತೇನೆ.

ಎಡಗಿವಿಯೂ ಹೋದರೆ? ದಿನಕ್ಕೆ ಹತ್ತು ಸಲ ಬೆರಳು ಚಿಟಿಕೆ ಹೊಡೆದು ನೋಡಿಕೊಳ್ಳುತ್ತೇನೆ.

ನಿನ್ನಕ್ಕನಿಗೆ ಹೇಳಬೇಡ. ನನ್ನಲ್ಲಿ ಅವಳು ಮೆಚ್ಚಿದ್ದು ಅದೊಂದೇ. ಮದುವೆಯಾದ ಹೊಸತರಲ್ಲಿ ಅವಳು ಬೀದಿ ಕೊನೆಯಲ್ಲಿ ಬರುವಾಗಲೇ ಚಪ್ಪಲಿಯ ಸದ್ದಿನಲ್ಲಿ ಗುರುತಿಸಿ ಬಾಗಿಲು ತೆಗೆದಿಡುತ್ತಿದ್ದೆ. ಊರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ.

ನಿನ್ನ ಭಾವ


ಮಾರ್ಚ್ 24

ಭಾವ,

ನಾನು ಹೇಳುವುದಿಲ್ಲ. ನೀವು ಹೇಳಬೇಕು, ಭಾನುವಾರದೊಳಗೆ.

ಅಕ್ಕ ಟಿಕೆಟ್ ಮಾಡಿಸಿದ್ದಾಳೆ. ಅವಳು ಹೊಸಿಲು ದಾಟುವುದು ನಿಮ್ಮ ಕಿವಿ ಹೋಯಿತೆಂದಲ್ಲ, ನಿಮ್ಮ ಮನಸ್ಸು ಹೋಯಿತೆಂದು. ಬಲಗಡೆಯ ಸೀಟಿನಲ್ಲಿ ಕೂತು ಎರಡು ತಿಂಗಳು ಮಾತಾಡಿ ಉತ್ತರ ಸಿಗದೆ ಎದ್ದು ಬರುತ್ತಿದ್ದಾಳೆ. ಅವಳು ನನ್ನ ಮನೆಯಲ್ಲಿ ಬಂದು ಅಳುತ್ತಾ ಕೂತರೆ ನಾನು ಬಾಯಿ ಮುಚ್ಚಿಕೊಂಡು ಇರಲಾರೆ. ಆಗ ನನ್ನ ಬಾಯಲ್ಲಿ ಕೇಳಿದ್ದನ್ನು ಅವಳು ಜನ್ಮದಲ್ಲಿ ಮರೆಯುವುದಿಲ್ಲ.

ನನ್ನ ತಪ್ಪೂ ಇದೆ. ಮಾರ್ಚ್ ನಾಲ್ಕರಂದೇ ನನಗೆ ಗೊತ್ತಾಗಿತ್ತು. ನೇರವಾಗಿ ಬರೆಯದೆ ಸ್ಟೂಲು, ಗೋಡೆ ಎಂದು ಸುತ್ತಿ ಬಳಸಿದೆ. ನಿಮ್ಮ ಕಿವಿಯನ್ನು ತಪ್ಪು ಎನ್ನಲು ಒಂದು ಸಲ ಹೋಗಿ ಐದು ವರ್ಷ ಕಳೆದುಕೊಂಡಿದ್ದೆ, ಇನ್ನೊಂದು ಸಲ ಧೈರ್ಯ ಬರಲಿಲ್ಲ. ಕೀಲಿಕೈ ಎಸೆದ ದಿನ ನೀವು ಹೇಳಿದ್ದೇ ಸರಿಯಿತ್ತು, ಭಾವ. ಅಂದು ಮೈಕನ್ನು ಕಂಬದ ಮರೆಯಲ್ಲಿಟ್ಟಿದ್ದವನು ನಾನೇ. ನಿಮ್ಮ ಕಿವಿಗೆ ಅದು ಗೊತ್ತಾಗಿತ್ತು. ಮೂರು ವರ್ಷದ ಹಿಂದೆಯೇ ನನಗೂ ಹೊಳೆಯಿತು, ಹೇಳಲು ನಾಚಿಕೆಯಾಯಿತು.

ಡಾಕ್ಟರರ ಚೀಟಿ ಇದರ ಜೊತೆ ಇದೆ. ನಿಮ್ಮ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಅವರ ಸ್ನೇಹಿತರಿದ್ದಾರೆ, ಅದರಲ್ಲಿ ಬರೆದಿದೆ. ಸ್ಕೂಟರ್ ಮುಟ್ಟಬೇಡಿ.

ತಂತಿ


ಏಪ್ರಿಲ್ 3

ಪ್ರೀತಿಯ ತಂತಿ,

ನಿನ್ನಕ್ಕ ಬರಲಿಲ್ಲವೆಂದು ಗಾಬರಿಯಾಗಿರುತ್ತೀಯ. ಅವಳೇ ಫೋನ್ ಮಾಡುತ್ತೇನೆ ಎಂದಳು, ನಾನು ಬರೆಯುತ್ತೇನೆ, ತಡಿ ಎಂದೆ.

ಶನಿವಾರ ನಿನ್ನ ಕಾಗದ ಬಂತು. ಇಡೀ ದಿನ ಹೇಳಲು ಹೋದಾಗಲೆಲ್ಲ ಬೇರೇನೋ ಹೇಳಿಬಿಡುತ್ತಿದ್ದೆ. ಒಂದು ಸಲ ನಲ್ಲಿ ಸೋರುತ್ತಿದೆ ಎಂದೆ. ಭಾನುವಾರ ಅವಳು ಚೀಲ ಬಾಗಿಲ ಬಳಿ ಇಟ್ಟು, ಸೀರೆ ಉಟ್ಟು, ಬಾಡಿಗೆ ಕಾರಿಗೆ ಕಾಯುತ್ತಾ ನಿಂತಿದ್ದಳು. "ಹತ್ತು ನಿಮಿಷ ಬಂದು ನನ್ನ ಸೀಟಲ್ಲಿ ಕೂತ್ಕೋ" ಎಂದೆ. "ಈಗಲೂ ಅದೇ ಪೆಟ್ಟಿಗೆನಾ?" ಎಂದಳು. ಆದರೂ ಬಂದು ಹನ್ನೆರಡನೇ ನಂಬರಿನಲ್ಲಿ ಕೂತಳು.

ನಾನು ಏರಿಸಿದ್ದನ್ನೆಲ್ಲ ಅಳಿಸಿ ಮೈಕು ಹೇಳಿದ ಅಂಕಿಗಳನ್ನೇ ಹಾಕಿದೆ. ಶ್ಶ್ ಸದ್ದು ಬಿಟ್ಟೆ. ಎಡ ಮುಂದೆ, ನಡು, ಬಲ ಮುಂದೆ, ಬಲ ಹಿಂದೆ, ಎಡ ಹಿಂದೆ. "ಹೇಗೆ ಕೇಳ್ತಿದೆ?" ಎಂದು ಕೇಳಿದೆ. "ಎಲ್ಲ ಒಂದೇ ಸಮ ಇದೆ. ಈಗ ಕಿರುಚ್ತಿಲ್ಲ" ಎಂದಳು. ಆಮೇಲೆ ನೀನು ಏಳು, ಅಲ್ಲಿ ನಾನು ಕೂರುತ್ತೇನೆ ಎಂದೆ. ಕೂತೆ. ಸದ್ದು ಬಲಕ್ಕೆ ಹೋದಾಗ ಕೈ ಎತ್ತಿ, "ಇಲ್ಲಿ ನನಗೆ ಕೇಳಲ್ಲ. ಜನವರಿಯಿಂದ ಈ ಕಡೆ ಏನೂ ಕೇಳಿಲ್ಲ" ಎಂದೆ.

ಬಹಳ ಹೊತ್ತು ಅವಳು ಮಾತಾಡಲಿಲ್ಲ. ಹಾಗೆಂದು ನಾನು ಅಂದುಕೊಂಡೆ. ತಿರುಗಿ ನೋಡಿದರೆ ಬಲಗಡೆ ತನ್ನ ಸೀಟಿನಲ್ಲಿ ಕೂತು, ನನ್ನ ಬಲಗಿವಿಯ ಹತ್ತಿರ ಬಾಗಿ ಏನೋ ಹೇಳುತ್ತಲೇ ಇದ್ದಾಳೆ, ಕಣ್ಣಲ್ಲಿ ನೀರು ಸುರಿಯುತ್ತಿದೆ. ಏನು ಹೇಳಿದೆ ಎಂದು ಎಷ್ಟು ಕೇಳಿದರೂ ಹೇಳಲಿಲ್ಲ. ಎದ್ದು ಎಡಗಡೆಗೆ ಬಂದು, "ಇಷ್ಟು ದಿನ ನನ್ನನ್ನ ಒಂಟಿ ಮಾಡಿದ್ರಲ್ಲ, ಪಾಪಿ" ಎಂದಳು. ಅದು ಚೆನ್ನಾಗಿ ಕೇಳಿಸಿತು. ಕಾರಿನವನನ್ನು ಅವಳೇ ವಾಪಸ್ ಕಳಿಸಿದಳು.

ಆಸ್ಪತ್ರೆಗೆ ಹೋಗಿಬಂದೆವು. ಆ ಕಿವಿ ಮರಳುವ ಆಸೆ ಇಟ್ಟುಕೊಳ್ಳಬೇಡಿ ಎಂದರು. ಮೊದಲೇ ಬರಬೇಕಿತ್ತು ಎಂದು ಡಾಕ್ಟರು ಹೇಳುವಾಗ ನಿನ್ನಕ್ಕ ನನ್ನ ಮುಖ ನೋಡಲಿಲ್ಲ, ಅಷ್ಟು ಪುಣ್ಯ. ನಿನ್ನೆ ಸ್ಕ್ಯಾನ್ ಆಯಿತು. ಕೊಳವೆಯೊಳಗೆ ಅರ್ಧ ಗಂಟೆ ಮಲಗಿಸಿದರು. ಒಳಗೆ ಒಂದೇ ಸಮನೆ ಬಡಿತ, ಎಲ್ಲ ಎಡಗಡೆಯಿಂದಲೇ. ನಾನು ಅಲ್ಲಾಡಬಾರದೆಂದು ಹಲ್ಲು ಕಚ್ಚಿ ಮಲಗಿದ್ದೆ. ಹೊರಗೆ ಬಂದು ಸ್ಕ್ಯಾನ್ ಮಾಡಿದವನ ಮುಖ ನೋಡಿ ಏನಾದರೂ ತಿಳಿಯುತ್ತದೋ ಎಂದು ನೋಡಿದೆ. ತಿಳಿಯಲಿಲ್ಲ.

ಗಡ್ಡೆ ಇದೆಯೋ ಇಲ್ಲವೋ ಎಂಬುದು ಒಂಬತ್ತನೇ ತಾರೀಕು ಗುರುವಾರ ಗೊತ್ತಾಗುತ್ತದೆ. ಹತ್ತು ಗಂಟೆಗೆ ನಿನ್ನಕ್ಕನೇ ಹೋಗಿ ವರದಿ ತರುತ್ತಾಳೆ. ಅವಳು ಬರುವವರೆಗೆ ಮನೆಯಲ್ಲಿ ನಾನೊಬ್ಬನೇ ಇರುತ್ತೇನೆ. ಅವಳ ಚಪ್ಪಲಿಯ ಸದ್ದು ಈಗ ಬಾಗಿಲಿಗೆ ಬಂದ ಮೇಲೂ ತಿಳಿಯುವುದಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬಾಗಿಲು ನೋಡುತ್ತಾ ಕೂರಬೇಕು. ಆ ಒಂದು ಗಂಟೆ ನನ್ನಿಂದ ಆಗುವುದಿಲ್ಲ, ತಂತಿ.

ಹತ್ತು ಗಂಟೆಗೆ ಫೋನ್ ಮಾಡು. ಅವಳು ಬರುವವರೆಗೆ ಏನಾದರೂ ಮಾತಾಡುತ್ತಿರು, ಆ ಕಂಬದ ಕತೆಯನ್ನೇ ಮೊದಲಿನಿಂದ ಹೇಳು. ಬೇಗ ಇಟ್ಟುಬಿಡಬೇಡ, ಫೋನು ಬಡಿಯುವುದು ಯಾವ ಕಡೆಯಿಂದ ಎಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಬೇಕು. ಎಡಗಿವಿಗೆ ಹಿಡಿಯುತ್ತೇನೆ.

ನಿನ್ನ ಭಾವ